ಮಿರ್ಗದ ಮಳೆಗೆ ತಂದ ಪಕ್ಕೆ ಮೀನೆಲ್ಲ ಹೆಣ್ಣೇ ಯಾಕೆ?

ಪ್ರಶ್ನೆ: ಸರ್, ನಮ್ಮದು ಹರಿಹರ ತಾಲ್ಲೂಕು, ತುಂಗಭದ್ರೆ ದಂಡೆಯ ಊರು. ಮಿರ್ಗದ ಮಳೆ ಬಿದ್ದ ಮೇಲೆ ಹೊಳೆಯ ಸಣ್ಣ ಮೀನು ತಂದಿದ್ದೆವು. ಬೆರಳುದ್ದ, ಬೆಳ್ಳಿ ಬಣ್ಣ, ಬಾಲದ ಹತ್ತಿರ ಕಪ್ಪು ಚುಕ್ಕೆ. ನಮ್ಮ ಕಡೆ ಪಕ್ಕೆ ಅಂತಾರೆ. ಹಸನು ಮಾಡುವಾಗ ನೋಡಿದರೆ ಹೆಚ್ಚು ಕಡಿಮೆ ಎಲ್ಲದರ ಹೊಟ್ಟೆಯಲ್ಲೂ ಮೊಟ್ಟೆ. ಹಾಗಾದರೆ ಗಂಡು ಮೀನು ಎಲ್ಲಿ ಹೋದವು? ಎಂಟನೇ ಕ್ಲಾಸಿನ ನನ್ನ ಮಗ ಆ ಮೊಟ್ಟೆಯನ್ನು ಮರಿ ಆಗಲಿ ಅಂತ ನೀರಿನ ತೊಟ್ಟಿಗೆ ಹಾಕಿಬಿಟ್ಟ. ಮೂರು ದಿನಕ್ಕೆ ತೊಟ್ಟಿ ನಾರಿತು. ಇನ್ನು ನಮ್ಮ ಅತ್ತೆ, ಬಸುರಿ ಮೀನು ತಿನ್ನಬಾರದು ಅಂತಾರೆ. ಇದಕ್ಕೆಲ್ಲ ಸ್ವಲ್ಪ ಬಿಡಿಸಿ ಹೇಳ್ತೀರಾ?

ಉತ್ತರ: ಗಂಡು ಮೀನು ನಿಮ್ಮ ಈಳಿಗೆ ಮಣೆಯ ಮುಂದೆಯೇ ಇತ್ತು, ತಾಯಿ. ಅದರ ಗುರುತು ಸಿಗಲಿಲ್ಲ, ಅಷ್ಟೆ.

ಹೆಣ್ಣಿನ ಹೊಟ್ಟೆ ಸೀಳಿದರೆ ಹಳದಿ ಮೊಟ್ಟೆಯ ಎರಡು ಚೀಲ ಎದ್ದು ಕಾಣುತ್ತದೆ. ಗಂಡಿನ ಹೊಟ್ಟೆಯಲ್ಲಿ ಇರುವುದು ಎರಡು ಬಿಳೀ ಎಳೆ. ಬೆಂದ ಶ್ಯಾವಿಗೆ ಎಳೆ ಸ್ವಲ್ಪ ಚಪ್ಪಟೆ ಆದರೆ ಹೇಗಿರುತ್ತೋ ಹಾಗೆ. ಬೆನ್ನೆಲುಬಿನ ಕೆಳಗೆ, ಗಾಳಿ ಚೀಲಕ್ಕೆ ಅಂಟಿಕೊಂಡು ಇರುತ್ತದೆ. ಅದೇ ವೃಷಣ. ಹಸನು ಮಾಡುವವರ ಕೈಗೆ ಅದು ಕೊಬ್ಬಿನ ಹಾಗೆ, ಕರುಳಿನ ಹಾಗೆ ಕಾಣುತ್ತದೆ. ಕರುಳಿನ ಜೊತೆ ಅದೂ ಹೋಗುತ್ತದೆ. ಹಾಗಾಗಿ ಮೊಟ್ಟೆ ಇದ್ದದ್ದೆಲ್ಲ ಹೆಣ್ಣು ಅಂತ ನೆನಪಲ್ಲಿ ಉಳಿಯುತ್ತದೆ, ಉಳಿದದ್ದು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ.

ಆದರೂ ನಿಮ್ಮ ಬುಟ್ಟಿಯಲ್ಲಿ ಹೆಣ್ಣು ನಿಜವಾಗಿಯೂ ಜಾಸ್ತಿ ಇದ್ದಿರಬಹುದು. ಅದಕ್ಕೆ ಬಲೆ ಕಾರಣ. ಪಕ್ಕೆಯಲ್ಲಿ ಹೆಣ್ಣು ದೊಡ್ಡದು, ಗಂಡು ಸಣ್ಣದು, ಮೈ ತೆಳು. ಬೀಡು ಬಲೆಯಲ್ಲಿ ಮೀನು ಕಣ್ಣಿನೊಳಗೆ ತಲೆ ತೂರಿಸುತ್ತದೆ, ಮೈ ದಪ್ಪ ಇದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮೊಟ್ಟೆ ತುಂಬಿದ ಹೆಣ್ಣು ಸಿಕ್ಕಿಬೀಳುವ ಕಣ್ಣಿನಲ್ಲಿ ಸಪೂರ ಗಂಡು ಆರಾಮಾಗಿ ದಾಟಿ ಹೋಗುತ್ತದೆ. ಬುಟ್ಟಿಯನ್ನು ನೋಡಿ ಹೊಳೆಯಲ್ಲೂ ಹೀಗೇ ಇದೆ ಅಂದುಕೊಳ್ಳಬೇಡಿ. ಮೀನಿನ ಗಂಡು ಹೆಣ್ಣಿನ ಲೆಕ್ಕ ತೆಗೆಯುವವರು ಒಂದೇ ಬಲೆಯನ್ನು ನಂಬದೆ, ಬೇರೆ ಬೇರೆ ಕಣ್ಣಿನ ಬಲೆ ಹಾಕುವುದು ಇದೇ ಕಾರಣಕ್ಕೆ.

ಮುಂದಿನ ಸಲ ಸೀಳುವ ಮೊದಲೇ ಗಂಡನ್ನು ಗುರುತಿಸಬಹುದು. ಮಳೆಗಾಲದ ಶುರುವಿನಲ್ಲಿ ಗಂಡಿನ ಮೈ ಪಕ್ಕದಲ್ಲಿ ಕಿವಿರಿನಿಂದ ಬಾಲದವರೆಗೆ ಕೆಂಪು ಪಟ್ಟಿ ಬರುತ್ತದೆ. ಮೀನು ತಾಜಾ ಇದ್ದರೆ ಚೆನ್ನಾಗಿ ಕಾಣುತ್ತದೆ, ಸತ್ತು ಹೊತ್ತಾದರೆ ಮಾಸುತ್ತದೆ. ಹೊಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ಒತ್ತಿದರೆ ಹಾಲಿನಂಥ ಒಂದು ಹನಿ ಬರುತ್ತದೆ. ಬಂದರೆ ಅದು ಗಂಡು, ಅನುಮಾನವೇ ಬೇಡ.

ನೀವು ಹೇಳಿದ ಮೀನು ಯಾವುದು ಅಂತ ಖಚಿತ ಮಾಡಿಕೊಳ್ಳಲು ಬೆನ್ನ ಮೇಲಿನ ರೆಕ್ಕೆಯ ಬುಡ ನೋಡಿ. ಅಲ್ಲೂ ಒಂದು ಕಪ್ಪು ಕಲೆ ಇದ್ದು, ಮೀಸೆ ಇಲ್ಲದಿದ್ದರೆ ಅದು ಪುಂಟಿಯಸ್ ಸೊಫೋರ್. ಬಾಲದ ಹತ್ತಿರ ಒಂದು, ಕಿವಿರಿನ ಹಿಂದೆ ಒಂದು ಚುಕ್ಕೆ ಇದ್ದರೆ ಅದರ ನೆಂಟ ಪೆಥಿಯಾ ಟಿಕ್ಟೊ, ಇನ್ನೂ ಚಿಕ್ಕದು. ಎರಡಕ್ಕೂ ಈ ಹೆಸರಿನ ಕೊನೆಯ ಪದ ಕೊಟ್ಟವನು ಫ್ರಾನ್ಸಿಸ್ ಹ್ಯಾಮಿಲ್ಟನ್, 1822ರಲ್ಲಿ, ಗಂಗಾ ನದಿಯ ಮೀನುಗಳ ಬಗ್ಗೆ ಬರೆದ ಪುಸ್ತಕದಲ್ಲಿ. ಅದಕ್ಕೂ ಮೊದಲು, 1801ರಲ್ಲಿ, ಬುಕಾನನ್ ಎಂಬ ಹೆಸರಲ್ಲಿ ಹರಿಹರ, ದಾವಣಗೆರೆ, ಚಿತ್ರದುರ್ಗದ ಮೇಲೆ ಹಾದು ಹೋದ ಪ್ರವಾಸಿಯೂ ಇವನೇ. ನಿಮ್ಮ ಮಗನಿಗೆ ಇದನ್ನು ಹೇಳಿ, ಖುಷಿಪಡುತ್ತಾನೆ.

ಈಗ ಮೊಟ್ಟೆಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲ ಮಳೆಗೆ ಮೀನಿನಲ್ಲಿ ಮೊಟ್ಟೆ ಕಂಡರೆ, ಮಳೆ ಬಂದ ಮೇಲೆ ಮೊಟ್ಟೆ ಆಯಿತು ಅಂತ ಅನಿಸುತ್ತದೆ. ಹಾಗಲ್ಲ. ಶಿವರಾತ್ರಿ ಕಳೆದು ಹಗಲು ಉದ್ದ ಆಗುತ್ತಾ, ನೀರು ಬಿಸಿ ಆಗುತ್ತಾ ಬಂದ ಹಾಗೆ ಕೆಲಸ ಶುರುವಾಗಿರುತ್ತದೆ. ಹಗಲಿನ ಉದ್ದವನ್ನು, ನೀರಿನ ಬಿಸಿಯನ್ನು ಮೀನಿನ ಮಿದುಳು ಗುರುತಿಸುತ್ತದೆ. ಮಿದುಳಿನ ಕೆಳಗೆ ಪಿಟ್ಯುಟರಿ ಅಂತ ಒಂದು ಗ್ರಂಥಿ ಇದೆ, ಪಕ್ಕೆಯಲ್ಲಿ ಅದು ಸಾಸಿವೆಗಿಂತ ಚಿಕ್ಕದು. ಅದರಿಂದ ಹೊರಟ ಹಾರ್ಮೋನ್ ಅಂಡಾಶಯಕ್ಕೆ ಹೋಗುತ್ತದೆ. ಅಂಡಾಶಯ ಈಸ್ಟ್ರೊಜೆನ್ ಮಾಡಿ ರಕ್ತಕ್ಕೆ ಬಿಡುತ್ತದೆ. ಅದು ಪಿತ್ತಜನಕಾಂಗಕ್ಕೆ, ಅಂದರೆ ಲಿವರ್‌ಗೆ, ತಲುಪುತ್ತದೆ. ಮೊಟ್ಟೆಯೊಳಗಿನ ಭಂಡಾರದ, ಅಂದರೆ ಮುಂದೆ ಮರಿಗೆ ಆಹಾರ ಆಗುವ ಹಳದಿ ಭಾಗದ, ಸಾಮಾನು ತಯಾರಾಗುವುದು ಈ ಲಿವರ್‌ನಲ್ಲಿ. ಅಲ್ಲಿಂದ ಅದು ರಕ್ತದಲ್ಲಿ ಹರಿದು ಬಂದು ಒಂದೊಂದು ಮೊಟ್ಟೆಯೊಳಗೂ ತುಂಬಿಕೊಳ್ಳುತ್ತದೆ. ನೀವು ನೋಡಿದ ಹಳದಿ ಬಣ್ಣ ಅದೇ.

ಇದೆಲ್ಲ ನಡೆಯುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಗ ನಮ್ಮ ಹೊಳೆ ಹೇಗಿರುತ್ತದೆ ನಿಮಗೇ ಗೊತ್ತು. ಮರಳು, ಬಂಡೆ, ನಡುವೆ ಅಲ್ಲೊಂದು ಇಲ್ಲೊಂದು ಮಡು. ಆ ಮಡುವಿನಲ್ಲಿ ಪಾಚಿ, ಹುಳ ತಿಂದುಕೊಂಡು, ತನ್ನ ಮೈಯನ್ನೇ ಸ್ವಲ್ಪ ಸ್ವಲ್ಪ ಕರಗಿಸಿ ಮೀನು ಮೊಟ್ಟೆಗೆ ತುಂಬುತ್ತದೆ. ತುಂಬಿದ ಹೆಣ್ಣಿನಲ್ಲಿ ಅಂಡಾಶಯದ ತೂಕವೇ ಮೈ ತೂಕದ ನೂರರಲ್ಲಿ ಹತ್ತು ಪಾಲು ದಾಟುವುದು ಸಾಮಾನ್ಯ. ಮೀನಿನ ಸಂತಾನದ ಬಗ್ಗೆ ಕೆಲಸ ಮಾಡುವವರು ತಿಂಗಳು ತಿಂಗಳು ಇದೇ ಲೆಕ್ಕ ಬರೆದಿಡುತ್ತಾರೆ. ಅಂಡಾಶಯದ ತೂಕ ಭಾಗಿಸು ಮೈ ತೂಕ, ಗುಣಿಸು ನೂರು. ಈ ಅಂಕಿ ತಿಂಗಳಿಂದ ತಿಂಗಳಿಗೆ ಏರುತ್ತಾ ಹೋಗಿ, ಒಂದು ಕಡೆ ಧಡಕ್ಕನೆ ಕೆಳಗಿಳಿಯುತ್ತದೆ. ಇಳಿಯಿತು ಅಂದರೆ ಮೊಟ್ಟೆ ಹೊರಗೆ ಹೋಯಿತು ಅಂತ ಅರ್ಥ.

ಭಂಡಾರ ತುಂಬಿದ ಕೂಡಲೇ ಮೀನು ಮೊಟ್ಟೆ ಇಡುವುದಿಲ್ಲ. ಕಾಯುತ್ತದೆ. ಇದೇ ನನಗೆ ಈ ಮೀನಿನಲ್ಲಿ ತುಂಬಾ ಇಷ್ಟವಾದ ಸಂಗತಿ. ಪಕ್ಕೆಯೂ ಸೇರಿದ ಗೆಂಡೆ ಜಾತಿಯ ಮೀನುಗಳ ಮಿದುಳಿನಲ್ಲಿ ಡೋಪಮಿನ್ ಎಂಬ ವಸ್ತು ಪಿಟ್ಯುಟರಿಯನ್ನು ಬ್ರೇಕ್ ಹಾಕಿ ಹಿಡಿದಿರುತ್ತದೆ. ಹೊಸ ನೀರು ಬರಬೇಕು. ನೀರು ತುಸು ತಣ್ಣಗಾಗಬೇಕು, ಸೆಳೆತ ಹುಟ್ಟಬೇಕು, ದಡದ ಹುಲ್ಲು ಮುಳುಗಬೇಕು. ಆಗ ಆ ಬ್ರೇಕ್ ಬಿಡುತ್ತದೆ. ಕೆಲವೇ ಗಂಟೆಗಳಲ್ಲಿ ಮೊಟ್ಟೆ ಕೊನೆಯ ಹಂತದ ಮಾಗುವಿಕೆ ಮುಗಿಸಿ ಚೀಲದ ಗೋಡೆಯಿಂದ ಕಳಚಿಕೊಳ್ಳುತ್ತದೆ. ಮಳೆ ಕೈ ಕೊಟ್ಟರೆ? ಕಾದು ಕಾದು, ಕೊನೆಗೆ ಮೀನು ಆ ಮೊಟ್ಟೆಗಳನ್ನು ತನ್ನ ಮೈಯೊಳಗೇ ಕರಗಿಸಿಕೊಳ್ಳುತ್ತದೆ. ಬರಗಾಲದಲ್ಲಿ ಹಿಡಿದ ಮೀನಿನ ಅಂಡಾಶಯದಲ್ಲಿ ಹೀಗೆ ಕುಗ್ಗಿದ, ಬಣ್ಣಗೆಟ್ಟ ಮೊಟ್ಟೆ ಕಂಡರೆ ನನಗೆ ಒಣಗಿದ ಮೆಕ್ಕೆಜೋಳದ ಹೊಲ ನೋಡಿದಷ್ಟೇ ಸಂಕಟ ಆಗುತ್ತದೆ.

ಈ ಕಾಯುವಿಕೆಯಿಂದಲೇ ಮೊದಲು ಮೀನು ಸಾಕುವವರಿಗೆ ಕಷ್ಟ ಇತ್ತು. ರೋಹು, ಮೃಗಾಲ್ ಮೀನು ಕೊಳದಲ್ಲಿ ಎಷ್ಟು ಚೆನ್ನಾಗಿ ಬೆಳೆದರೂ ನಿಂತ ನೀರಲ್ಲಿ ಮೊಟ್ಟೆ ಇಡುತ್ತಿರಲಿಲ್ಲ. ಮರಿಗಳನ್ನು ನದಿಯಿಂದಲೇ ಹಿಡಿದು ತರಬೇಕಿತ್ತು. ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುನ್ಹಿ ಒಂದು ಮೀನಿನ ಪಿಟ್ಯುಟರಿ ರಸವನ್ನು ಇನ್ನೊಂದಕ್ಕೆ ಚುಚ್ಚಿ, 1957ರ ಜುಲೈ 10ರಂದು ಇದನ್ನು ಸಾಧಿಸಿದರು. ಆ ದಿನವನ್ನು ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ ಅಂತ ಆಚರಿಸುತ್ತಾರೆ. ಅದಕ್ಕೂ ಎರಡು ವರ್ಷ ಮೊದಲು ಚೌಧುರಿಯವರು ಈ ಚುಚ್ಚುಮದ್ದಿನಿಂದ ಮೊಟ್ಟೆ ಇಡಿಸಿದ್ದು ಎಸೋಮಸ್ ಎಂಬ ಉದ್ದ ಮೀಸೆಯ ಪುಟ್ಟ ಮೀನಿನಲ್ಲಿ. ಅದೂ ನಮ್ಮ ಪಕ್ಕೆಯಷ್ಟೇ ಚಿಕ್ಕದು. ದಾವಣಗೆರೆ ಮಾರ್ಕೆಟ್ಟಿನಲ್ಲಿ ಸಿಗುವ ಸಾಕಿದ ರೋಹುವಿನ ಹಿಂದೆ ಅಂಥದೊಂದು ಮೀನಿನ ಋಣ ಇದೆ.

ಮೊಟ್ಟೆ ಇಡುವುದನ್ನು ನೀವು ಕಣ್ಣಾರೆ ನೋಡಬಹುದು. ಉಕ್ಕಡಗಾತ್ರಿಯ ಕಡೆ ಹೊಳೆ ದಡದಲ್ಲಿ ನಾನು ಬೆಳಗಿನ ಐದೂವರೆಗೆ ಹೋಗಿ ಕೂತು ನೋಡಿದ್ದೇನೆ. ರಾತ್ರಿ ಮಳೆ ಆಗಿ, ಹಳ್ಳದ ಕೆಂಪು ನೀರು ದಡದ ಹುಲ್ಲಿನ ಮೇಲೆ ಅರ್ಧ ಮೊಳ ಏರಿರಬೇಕು. ಹುಲ್ಲು ಗಾಳಿ ಇಲ್ಲದೆ ಅಲ್ಲಾಡುತ್ತದೆ. ಬಗ್ಗಿ ನೋಡಿದರೆ ಒಂದು ಹೆಣ್ಣು ಮುಂದೆ, ಎರಡೋ ಮೂರೋ ಗಂಡು ಹಿಂದೆ. ಹೆಣ್ಣು ಹುಲ್ಲಿನ ಬುಡಕ್ಕೆ ನುಗ್ಗುತ್ತದೆ, ಗಂಡು ಪಕ್ಕಕ್ಕೆ ಬಂದು ಮೈ ಒತ್ತುತ್ತದೆ, ಎರಡೂ ಒಂದು ಕ್ಷಣ ನಡುಗುತ್ತವೆ. ಆ ನಡುಕದಲ್ಲಿ ಒಂದಷ್ಟು ಮೊಟ್ಟೆ, ಒಂದು ಹನಿ ಹಾಲು ಒಟ್ಟಿಗೆ ನೀರಿಗೆ ಬೀಳುತ್ತದೆ. ಮತ್ತೆ ಓಡಾಟ, ಮತ್ತೆ ಇನ್ನೊಂದು ಹುಲ್ಲಿನ ಬುಡ. ಮೊಟ್ಟೆ ಅಂಟು ಅಂಟು, ಹುಲ್ಲಿನ ಎಸಳಿಗೆ ಕಚ್ಚಿಕೊಳ್ಳುತ್ತದೆ. ಒಂದೊಂದೂ ಗಸಗಸೆ ಕಾಳಿನಷ್ಟು.

ನಿಮ್ಮ ಮಗನ ತೊಟ್ಟಿಯಲ್ಲಿ ಆಗದೇ ಇದ್ದದ್ದು ಇದೇ. ಅವನು ಹಾಕಿದ ಮೊಟ್ಟೆಗೆ ಎರಡು ಕೊರತೆ ಇತ್ತು. ಒಂದು, ಆ ಮೊಟ್ಟೆಗಳಲ್ಲಿ ಹೆಚ್ಚಿನವು ಇನ್ನೂ ಚೀಲಕ್ಕೆ ಅಂಟಿಕೊಂಡೇ ಇದ್ದವು, ಕೊನೆಯ ಮಾಗುವಿಕೆ ಆಗಿರಲಿಲ್ಲ. ಎರಡು, ಗಂಡಿನ ವೀರ್ಯ ಸೇರಿರಲಿಲ್ಲ. ಮನುಷ್ಯರಲ್ಲಿ, ದನಗಳಲ್ಲಿ ವೀರ್ಯ ಸೇರುವುದು ಮೈಯೊಳಗೆ. ಪಕ್ಕೆಯಲ್ಲಿ ನೀರಿನಲ್ಲಿ, ಮೈ ಹೊರಗೆ. ಅದಕ್ಕೆ ಸಿಗುವ ಸಮಯ ಎಷ್ಟು ಕಡಿಮೆ ಅಂದರೆ ನಂಬುವುದು ಕಷ್ಟ. ವೀರ್ಯಾಣು ಹೊಳೆ ನೀರು ತಾಗಿದ ಕೂಡಲೇ ಚುರುಕಾಗುತ್ತದೆ, ಒಂದೆರಡು ನಿಮಿಷದಲ್ಲಿ ಅದರ ಕಸುವು ಮುಗಿಯುತ್ತದೆ. ಮೊಟ್ಟೆಯ ಸಿಪ್ಪೆಯಲ್ಲಿ ಒಳಗೆ ಹೋಗಲು ಒಂದೇ ಒಂದು ಸಣ್ಣ ತೂತು ಇರುತ್ತದೆ. ಮೊಟ್ಟೆ ನೀರು ಕುಡಿದು ಉಬ್ಬಿದ ಮೇಲೆ ಆ ತೂತೂ ಮುಚ್ಚುತ್ತದೆ. ಇಷ್ಟರೊಳಗೆ ಎರಡೂ ಸೇರಬೇಕು. ಗಂಡು ಹೆಣ್ಣು ಮೈಗೆ ಮೈ ಒತ್ತಿ ನಿಲ್ಲುವುದು ಅದಕ್ಕೇ. ಸೇರದೇ ಉಳಿದ ಮೊಟ್ಟೆ ಬೆಳ್ಳಗಾಗಿ, ಹತ್ತಿಯಂಥ ಬೂಷ್ಟು ಹಿಡಿದು ಕೊಳೆಯುತ್ತದೆ. ತೊಟ್ಟಿ ನಾರಿದ್ದು ಹಾಗೆ. ಆದರೆ ಹುಡುಗನನ್ನು ಬೈಯಬೇಡಿ. ಹಾಕಿ ನೋಡಿದ್ದಾನೆ, ಅದು ದೊಡ್ಡದು.

ವೀರ್ಯ ಸೇರಿದ ಮೊಟ್ಟೆ ನಮ್ಮ ಕಡೆಯ ಬೆಚ್ಚನೆ ನೀರಿನಲ್ಲಿ ಹೆಚ್ಚು ಕಡಿಮೆ ಒಂದು ದಿನಕ್ಕೆ ಒಡೆಯುತ್ತದೆ. ಹೊರಗೆ ಬರುವ ಮರಿಗೆ ಬಾಯಿ ಇನ್ನೂ ಸರಿಯಾಗಿ ತೆರೆದಿರುವುದಿಲ್ಲ. ಹೊಟ್ಟೆಯಡಿ ಭಂಡಾರದ ಚೀಲ ಕಟ್ಟಿಕೊಂಡು ಎರಡು ಮೂರು ದಿನ ಹುಲ್ಲಿಗೆ ನೇತಾಡಿಕೊಂಡಿರುತ್ತದೆ. ಬೇಸಿಗೆಯಲ್ಲಿ ಆ ತಾಯಿ ಮಡುವಿನಲ್ಲಿ ಕೂಡಿಟ್ಟದ್ದನ್ನು ಮರಿ ಉಣ್ಣುವುದು ಆಗ. ಚೀಲ ಖಾಲಿ ಆಗುವ ಹೊತ್ತಿಗೆ ಮುಳುಗಿದ ಹುಲ್ಲಿನ ನಡುವೆ ಬಿಸಿಲಿಗೆ ನೀರು ಬೆಚ್ಚಗಾಗಿ, ಕಣ್ಣಿಗೆ ಕಾಣದ ಜೀವಿಗಳು ಹುಟ್ಟಿರುತ್ತವೆ. ಅದೇ ಮೊದಲ ತುತ್ತು. ಹಾಗಾಗಿ ಸೆಳವಿನ ನಡುಹೊಳೆ ಈ ಮೀನಿಗೆ ಬಾಣಂತಿ ಮನೆ ಆಗಲಾರದು. ದಡದ ಹುಲ್ಲು, ಹಳ್ಳದ ಬಾಯಿ, ನೀರು ನಿಂತ ಗದ್ದೆ ಬೇಕು.

ಎಷ್ಟು ಮೊಟ್ಟೆ ಅಂತ ಮಗನ ಹತ್ತಿರ ಎಣಿಸಿ. ಒಂದು ಮೀನಿನ ಎರಡೂ ಚೀಲವನ್ನು ಉಪ್ಪು ನೀರಿನಲ್ಲಿ ಒಂದು ಕುದಿ ಬರಿಸಿ. ಮೊಟ್ಟೆ ಗಟ್ಟಿ ಆಗುತ್ತದೆ. ತಟ್ಟೆಯಲ್ಲಿ ಉದುರಿಸಿ, ಸಮ ಮಾಡಿ, ಹದಿನಾರು ಪಾಲು ಹಾಕಿ. ಒಂದು ಪಾಲನ್ನು ಸೂಜಿ ಮೊನೆಯಲ್ಲಿ ಎಣಿಸಿ ಹದಿನಾರರಿಂದ ಗುಣಿಸಿದರೆ ಸಾಕು. ಒಂದು ಪಾಲಿನಲ್ಲಿ 200 ಬಂದರೆ ಒಟ್ಟು 3,200. ಎಣಿಸುವಾಗ ಭೂತಗನ್ನಡಿ ಇದ್ದರೆ ಇನ್ನೊಂದು ಕಾಣುತ್ತದೆ: ದೊಡ್ಡ ಹಳದಿ ಮೊಟ್ಟೆಗಳ ನಡುವೆ ಸಣ್ಣ ಬಿಳೀ ಮೊಟ್ಟೆ. ದೊಡ್ಡದು ಈ ಮಳೆಯ ಪಾಲು, ಸಣ್ಣದು ಮುಂದಿನದು. ಎಲ್ಲವನ್ನೂ ಒಂದೇ ದಿನ ಇಟ್ಟರೆ, ಅವತ್ತು ಬಂದ ನೀರು ಮಾರನೇ ದಿನ ಇಳಿದು ಹೋದರೆ ಎಲ್ಲ ಒಣಗುತ್ತದೆ. ಕಂತಿನಲ್ಲಿ ಇಟ್ಟರೆ ಒಂದಾದರೂ ಕಂತು ಉಳಿಯಬಹುದು. ಮಳೆಯ ಮೇಲೆ ನಂಬಿಕೆ ಇಡಲಾಗದ ನಾಡಿನ ಮೀನಿಗೆ ಇದು ಬೇಕೇ ಬೇಕು. ಹಿರಿಯೂರು, ವೇದಾವತಿ ಕಡೆ ನಿಮಗೆ ನೆಂಟರಿದ್ದರೆ ಅವರಿಗೂ ಹೇಳಿ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮೀನಿನ ಹೊಟ್ಟೆ ನೋಡಲಿ. ಆ ಕಡೆ ಜೋರು ಮಳೆ ಬರುವುದೇ ಆಗ.

ಮೂರು ಸಾವಿರ ಮೊಟ್ಟೆ ಅಂದ ಕೂಡಲೇ, ಹಾಗಾದರೆ ಹೊಳೆ ತುಂಬಾ ಮೀನು ಆಗಬೇಕಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಒಂದು ಜೋಡಿಯ ಬದುಕಿನಲ್ಲಿ ಎರಡು ಮರಿ ದೊಡ್ಡದಾಗಿ ಮತ್ತೆ ಮೊಟ್ಟೆ ಇಟ್ಟರೆ ಹೊಳೆಯ ಮೀನಿನ ಲೆಕ್ಕ ಸಮ ಇರುತ್ತದೆ. ಉಳಿದ ಅಷ್ಟೂ ಹೋಗುತ್ತದೆ ಅಂತಲೇ ಮೀನು ಅಷ್ಟು ಇಡುವುದು. ಸೀಗಡಿ, ನೀರುಹುಳ, ಬೇರೆ ಮೀನು, ಕೊನೆಗೆ ಹೆತ್ತ ಪಕ್ಕೆಯೇ ಅದನ್ನು ತಿನ್ನುತ್ತದೆ. ಪಕ್ಕೆ ಮರಿ ಕಾಯುವುದಿಲ್ಲ. ಕಾಯುವ ಮೀನುಗಳ ದಾರಿ ಬೇರೆ. ಕೊರವ ಗೂಡು ಮಾಡಿ ಮರಿ ಹಿಂಡಿನ ಕೆಳಗೆ ಕಾವಲಿರುತ್ತದೆ. ಜಿಲೇಬಿ ಮೀನಿನ ಹೆಣ್ಣು ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಳ್ಳುತ್ತದೆ. ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರು ತೊಟ್ಟಿ, ಬಾವಿಗೆ ಬಿಡುವ ಗಂಬೂಸಿಯಾ ಮೊಟ್ಟೆಯನ್ನೇ ಇಡದೆ ನೇರ ಮರಿ ಹಾಕುತ್ತದೆ. ಮಗನಿಗೆ ತೊಟ್ಟಿಯಲ್ಲಿ ಮೀನು ಮರಿ ನೋಡಲೇಬೇಕು ಅಂತಿದ್ದರೆ, ಗಂಬೂಸಿಯಾ ಇರುವ ತೊಟ್ಟಿಯ ಪಕ್ಕ ಕೂರಲಿ. ಆದರೆ ಅದನ್ನು ಹಿಡಿದು ಹೊಳೆಗೆ ಮಾತ್ರ ಬಿಡುವುದು ಬೇಡ. ಹೊರಗಿನಿಂದ ಬಂದ ಮೀನು, ನಮ್ಮ ಸಣ್ಣ ಮೀನುಗಳ ಮೊಟ್ಟೆ ಮರಿ ತಿಂದುಬಿಡುತ್ತದೆ.

ನಿಮ್ಮೂರಿನ ಹೊಳೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಜೂನ್‌ನಲ್ಲಿ ಹರಿಹರಕ್ಕೆ ಬರುವ ಕೆಂಪು ನೀರು ಬಹುಪಾಲು ತುಂಗೆಯದು. ಗಾಜನೂರಿನ ತುಂಗಾ ಅಣೆಕಟ್ಟು ಹಿಡಿಯುವುದು ಸುಮಾರು 3.24 ಟಿಎಂಸಿ ಮಾತ್ರ, ಬೇಗ ತುಂಬಿ ಗೇಟು ತೆಗೆಯುತ್ತಾರೆ. ಭದ್ರೆ ಹಿಡಿಯುವುದು 71.5 ಟಿಎಂಸಿ. ಅದು ತುಂಬುವವರೆಗೆ ಭದ್ರೆಯ ಹೊಸ ನೀರಿನ ಹೆಚ್ಚಿನ ಪಾಲು ಅಲ್ಲೇ ನಿಲ್ಲುತ್ತದೆ. ಅಂದರೆ ನಿಮ್ಮ ಪಕ್ಕೆಗೆ 'ಈಗ ಇಡು' ಅಂತ ಹೇಳುತ್ತಿರುವುದು ತುಂಗೆ, ಮತ್ತೆ ನಿಮ್ಮ ಅಕ್ಕಪಕ್ಕದ ಹಳ್ಳಗಳು. ಸೂಳೆಕೆರೆಯಿಂದ ಬಂದು ಹರಿಹರದಲ್ಲಿ ಸೇರುವ ಹರಿದ್ರಾ ಅಂಥದೇ ಒಂದು. ಈ ಹಳ್ಳಗಳ ಬಾಯಿಗೆ ಅಡ್ಡ ಕಟ್ಟಿದರೆ, ದಡದ ಹುಲ್ಲು ಕೆರೆದು ಮರಳು ತೆಗೆದರೆ, ಸೊಳ್ಳೆ ಪರದೆ ಕಟ್ಟಿ ಮೇಲೆ ಬರುವ ಮೀನನ್ನೆಲ್ಲ ಸೋಸಿಕೊಂಡರೆ, ನಾಲ್ಕು ತಿಂಗಳ ತಯಾರಿ ನಾಲ್ಕು ದಿನದಲ್ಲಿ ಹೋಗುತ್ತದೆ. ಈ ಮೂರರಲ್ಲಿ ಸೊಳ್ಳೆ ಪರದೆಯ ಮೇಲೆ ನನಗೆ ಜಾಸ್ತಿ ಸಿಟ್ಟು. ಬೀಡು ಬಲೆಯಲ್ಲಿ ತಪ್ಪಿಸಿಕೊಳ್ಳುವ ಗಂಡೂ ಅದರಲ್ಲಿ ತಪ್ಪಿಸಿಕೊಳ್ಳುವುದಿಲ್ಲ.

ಕೊನೆಗೆ ಅತ್ತೆಯವರ ಮಾತು. ಪಕ್ಕೆಯ ಮೊಟ್ಟೆಯಲ್ಲಿ ವಿಷ ಇಲ್ಲ, ಮೈಗೆ ಕೆಡುಕೂ ಇಲ್ಲ. ಚೆನ್ನಾಗಿ ಬೇಯಿಸಿ ಮಕ್ಕಳಿಗೂ ಕೊಡಬಹುದು. ಹಸನು ಮಾಡುವಾಗ ಹಸಿರು ಪಿತ್ತದ ಚೀಲ ಒಡೆಯದ ಹಾಗೆ ತೆಗೆದು ಬಿಸಾಡಿ, ಅದನ್ನು ಮಾತ್ರ ತಿನ್ನಬಾರದು. ಹಾಗಂತ ಅತ್ತೆಯವರ ಮಾತು ಸುಮ್ನೆ ಅಲ್ಲ. ಆ ಮಾತು ಕೇಳಿದ ಮನೆಯಲ್ಲಿ ಮಿರ್ಗ, ಆರಿದ್ರಾ ಮಳೆಯ ಒಂದಷ್ಟು ದಿನ ಮೀನು ಒಲೆಗೆ ಬರುವುದಿಲ್ಲ, ಪಕ್ಕೆಗೆ ಬೇಕಾದ್ದೂ ಅಷ್ಟೇ ದಿನ. ನನ್ನನ್ನು ಕೇಳಿದರೆ, ಹಳ್ಳಕ್ಕೆ ಹತ್ತುವ ಮೀನನ್ನು ಬಿಟ್ಟು, ಮೊಟ್ಟೆ ಇಟ್ಟು ಇಳಿಯುವ ಮೀನನ್ನು ಹಿಡಿಯುವುದು ಒಳ್ಳೆಯದು. ಇಳಿಯುವ ಮೀನಿನ ಹೊಟ್ಟೆ ಜೋತುಬಿದ್ದಿರುತ್ತದೆ, ಅಂಡಾಶಯ ಖಾಲಿ ಚೀಲದ ಹಾಗೆ ಕೆಂಪಗೆ ಕಾಣುತ್ತದೆ, ಸುಲಭವಾಗಿ ಗೊತ್ತಾಗುತ್ತದೆ. ನಿಮ್ಮ ಅತ್ತೆಯವರನ್ನು ಕೇಳಿ ನೋಡಿ: ಅವರ ಚಿಕ್ಕಂದಿನಲ್ಲಿ ಹಳ್ಳದಲ್ಲಿ ಮೀನು ಹಿಡಿಯುವ ಬಿದಿರಿನ ಕೂಣಿ ಇಡುತ್ತಿದ್ದರೆ, ಅದರ ಬಾಯಿ ಹೊಳೆ ಕಡೆಗೆ ಇರುತ್ತಿತ್ತಾ, ಹೊಲದ ಕಡೆಗೆ ಇರುತ್ತಿತ್ತಾ? ಯಾವ ಮಳೆಗೆ ಇಡುತ್ತಿದ್ದರು? ಅವರು ಹೇಳಿದ್ದನ್ನು ಬರೆದು ಕಳಿಸಿ, ಮಗ ಎಣಿಸಿದ ಮೊಟ್ಟೆಯ ಲೆಕ್ಕದ ಜೊತೆಗೆ.